ಖಾರಾಬಾತ್ ಕೇಳಿದರೆ ಕೇಸರಿಬಾತ್ ಬಂತು: ಕೋಡ್ ಜನರೇಟರ್ ರಿವ್ಯೂ ಮಾಡೋದು ಹೇಗೆ?

[ಬಸವನಗುಡಿಯ ಒಂದು ದರ್ಶಿನಿ ಮುಂದೆ. ಕೈಯಲ್ಲಿ ಟೋಕನ್.]

ನಮಸ್ಕಾರ. ಮೊನ್ನೆ ಜಯನಗರದಲ್ಲಿ ಸಿಕ್ಕ ವೀಕ್ಷಕರೊಬ್ಬರು ಕೇಳಿದರು: "ಸರ್, ಪೈಥಾನ್ ಸ್ಕ್ರಿಪ್ಟಲ್ಲಿ ಬದಲಾಗಿರೋದು ಹತ್ತೇ ಸಾಲು. ಆದರೆ ಅದು ಬರೆದುಕೊಡೋ ಸಿ ಕೋಡ್ ಸಾವಿರಾರು ಸಾಲು. ರಿವ್ಯೂ ಮಾಡು ಅಂದ್ರೆ ಯಾವುದನ್ನ ಓದಲಿ?"

ಒಳ್ಳೆ ಪ್ರಶ್ನೆ. ಹೀಗೆ ತಾನೇ ಕೋಡ್ ಬರೆದುಕೊಡೋ ಸ್ಕ್ರಿಪ್ಟನ್ನೇ ಕೋಡ್ ಜನರೇಟರ್ ಅನ್ನೋದು. ಬೇಸಿಕ್ಸ್ ಬೇಗ ಮುಗಿಸುತ್ತೇನೆ. ಉದಾಹರಣೆಗೆ, ಕ್ಯೂಎಮು ಅಂತ ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್ ಇದೆ, 2003ರದ್ದು. ಒಂದು ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುತ್ತದೆ. ಅದರ ಕಮಾಂಡ್‌ಗಳ ಪಟ್ಟಿ ಸ್ಕೀಮಾ ಫೈಲ್‌ಗಳಲ್ಲಿರುತ್ತದೆ. ಪೈಥಾನ್ ಜನರೇಟರ್ ಅದನ್ನು ಓದಿ ಸಿ ಕೋಡ್ ಬರೆಯುತ್ತದೆ. ಯಾವುದಾದರೂ ಐಟಂಗೆ 'ಇಫ್' ಷರತ್ತು ಹಾಕಿದರೆ, ಅದರ ಸುತ್ತ ಹ್ಯಾಶ್-ಇಫ್, ಹ್ಯಾಶ್-ಎಂಡಿಫ್ ಬರುತ್ತದೆ. ಷರತ್ತು ಸುಳ್ಳಾದರೆ ಆ ಭಾಗ ಕಂಪೈಲರ್, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸೋ ಪ್ರೋಗ್ರಾಂ, ಅದರ ಕಣ್ಣಿಗೇ ಬೀಳುವುದಿಲ್ಲ.

ಇಷ್ಟೇನಾ? ಇಷ್ಟೇ. ಆದರೆ ಈಗ ಮೆನು ಬೋರ್ಡ್ ನೋಡಿ.

[ಬೋರ್ಡ್ ಕ್ಲೋಸಪ್]

1 ಇಡ್ಲಿ, 2 ವಡೆ, 3 ಸೆಟ್ ದೋಸೆ, ಬ್ರಾಕೆಟ್‌ನಲ್ಲಿ 'ಭಾನುವಾರ ಮಾತ್ರ'. 4 ಖಾರಾಬಾತ್, 5 ಕೇಸರಿಬಾತ್. ಇವತ್ತು ಸೋಮವಾರ ಅಂದುಕೊಳ್ಳಿ. ಕ್ಯಾಷಿಯರ್ ಹತ್ತಿರ ಭಾನುವಾರದ ಪಟ್ಟಿಯೇ ಉಳಿದುಬಿಟ್ಟಿದೆ. ಅಡುಗೆಮನೆಯವರು ಮಾತ್ರ ಸೆಟ್ ದೋಸೆ ತೆಗೆದು, ಉಳಿದದ್ದಕ್ಕೆ ಹೊಸದಾಗಿ ನಂಬರ್ ಕೊಟ್ಟಿದ್ದಾರೆ. ನೀವು ಖಾರಾಬಾತ್ ಕೇಳಿದಿರಿ, ಟೋಕನ್ ಮೇಲೆ 4 ಅಂತ ಬಂತು. ಒಳಗಿನವರ ಲೆಕ್ಕದಲ್ಲಿ 4 ಅಂದರೆ ಕೇಸರಿಬಾತ್! ಯಾರದ್ದೂ ತಪ್ಪಿಲ್ಲ. ಎರಡು ಪಟ್ಟಿಯೂ ಅವರವರ ಮಟ್ಟಿಗೆ ಸರಿ. ಎರಡೂ ಬಂದಿದ್ದರೆ ಚೌ ಚೌ ಬಾತ್ ಅಂತ ಸುಮ್ನೆ ತಿನ್ನಬಹುದಿತ್ತು.

ಸಿ ಭಾಷೆಯ ಈನಮ್ ಕೂಡ ಇಂಥದ್ದೇ, ಹೆಸರುಗಳಿಗೆ ನಂಬರ್ ಕೊಡೋ ಪಟ್ಟಿ. ನಂಬರ್ ತಾನಾಗಿ ಏರುತ್ತ ಹೋಗುತ್ತದೆ. ನಡುವೆ ಒಂದು ಹ್ಯಾಶ್-ಇಫ್ ಬಂದು, ಒಂದು ಫೈಲ್‌ಗೆ ಆ ಷರತ್ತು ನಿಜ, ಇನ್ನೊಂದಕ್ಕೆ ಸುಳ್ಳು ಆಯಿತು ಅನ್ನಿ. ಅಲ್ಲಿಂದ ಕೆಳಗಿನ ನಂಬರ್ ಎಲ್ಲ ಒಂದೊಂದು ಜಾರುತ್ತದೆ. ಕಂಪೈಲರ್ ತುಟಿ ಬಿಚ್ಚುವುದಿಲ್ಲ.

ಇದು ಬರೀ ಕಲ್ಪನೆಯಲ್ಲ. ಕ್ಯೂಎಮುನಲ್ಲಿ ಕೆಲವು ಫೈಲ್ ಒಂದೇ ಸಲ ಕಂಪೈಲ್ ಆಗುತ್ತವೆ. ಕೆಲವು ಪ್ರತಿ ಪ್ರೊಸೆಸರ್‌ಗೂ ಬೇರೆ ಬೇರೆ. 'ಟಾರ್ಗೆಟ್ ಆರ್ಮ್', ಅಂದರೆ 'ಇದು ಆರ್ಮ್ ಪ್ರೊಸೆಸರ್‌ಗಾ?' ಅನ್ನೋ ಷರತ್ತು, ಎರಡು ಕಡೆ ಎರಡು ಉತ್ತರ ಕೊಡುತ್ತದೆ. ಅದಕ್ಕೆ ಅವರು ಮಾಡಿದ ಉಪಾಯ ನನಗೆ ಭಾರಿ ಇಷ್ಟ. ಬೇರೆ ಫೈಲ್‌ಗಳು ಸೇರಿಸಿಕೊಳ್ಳುವ ಒಂದು ಹೆಡರ್ ಫೈಲ್ ಇದೆ, ಹೆಸರೇ ಪಾಯ್ಸನ್. ಹೌದು, ವಿಷ! ಜಿಸಿಸಿ ಅನ್ನೋ ಕಂಪೈಲರ್‌ನಲ್ಲಿ ಒಂದು ಹೆಸರಿಗೆ 'ವಿಷ ಹಾಕುವ' ಸೌಲಭ್ಯವಿದೆ. ಆಮೇಲೆ ಆ ಹೆಸರು ಎಲ್ಲಿ ಕಂಡರೂ ಎರರ್. ಹ್ಯಾಶ್-ಇಫ್‌ನ ಷರತ್ತಿನಲ್ಲಿ ಬರೆದರೂ ಅಷ್ಟೇ. ಹಾಗಾಗಿ ಎಲ್ಲರಿಗೂ ಸೇರಿದ ಕೋಡ್‌ನಲ್ಲಿ ಆ ಹೆಸರು ಬಂದರೆ ಬಿಲ್ಡ್, ಅಂದರೆ ಪ್ರೋಗ್ರಾಂ ಕಟ್ಟೋ ಕೆಲಸ, ಅಲ್ಲೇ ನಿಲ್ಲುತ್ತದೆ. ತಪ್ಪಾದ ತಿಂಡಿ ಬರುವ ಬದಲು ಹೋಟೆಲ್ಲೇ ಬಾಗಿಲು ಹಾಕಿದಂತೆ. ನನ್ನ ಪ್ರಕಾರ ಇದೇ ವಾಸಿ.

[ಗಡಿಯಾರ ತೋರಿಸಿ]

ಅಯ್ಯೋ, ಟೈಮ್ ಮುಗೀತಾ ಬಂತು. ಹಾಗಾದರೆ ಯಾವುದನ್ನ ಓದಬೇಕು? ಎರಡನ್ನೂ, ಆದರೆ ಸಾವಿರ ಸಾಲನ್ನಲ್ಲ. ಹಳೇ ಜನರೇಟರ್ ಓಡಿಸಿ, ಹೊಸದನ್ನೂ ಓಡಿಸಿ, ಬಂದ ಕೋಡ್‌ಗಳನ್ನು ಡಿಫ್ ಮಾಡಿ, ಅಂದರೆ ಎರಡರ ವ್ಯತ್ಯಾಸ ಮಾತ್ರ ತೆಗೆಸಿ. 'ಬರೀ ಕ್ಲೀನಪ್ ಮಾಡಿದ್ದೀನಿ' ಅಂತ ಪ್ಯಾಚ್ (ಕೋಡಿನ ಬದಲಾವಣೆ) ಕಳಿಸಿದವರು ಹೇಳಿದ್ದರೆ ಡಿಫ್ ಖಾಲಿ ಇರಬೇಕು, ಅಲ್ವಾ? ಷರತ್ತಿನ ಸ್ಪೆಲಿಂಗ್ ಅಕ್ಷರ ಅಕ್ಷರ ನೋಡಿ. ತಪ್ಪಿದ್ದರೆ ಎರರ್ ಬರಲ್ಲ, ಫೀಚರ್ ಸದ್ದಿಲ್ಲದೆ ಮಾಯ. ಷರತ್ತಿನ ಸ್ವಿಚ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಬಿಲ್ಡ್ ಮಾಡಿ. ಹತ್ತು ಸ್ವಿಚ್ ಇದ್ದರೆ 1024 ಜೋಡಣೆ. ಎಲ್ಲ ಯಾರೂ ಮಾಡಲ್ಲ, ಪ್ಯಾಚ್ ಮುಟ್ಟಿದ್ದನ್ನು ಮಾಡಿ ಸಾಕು.

ಇನ್ನೊಂದು. ಮೊದಲು ಈ ಷರತ್ತುಗಳನ್ನು ಸಿ ಭಾಷೆಯಲ್ಲೇ ಬರೆಯಬೇಕಿತ್ತು. 2021ರಲ್ಲಿ ಅದನ್ನು ಬಿಟ್ಟು ಬರೀ ಹೆಸರು, ಜೊತೆಗೆ 'ಆಲ್', 'ಎನಿ', 'ನಾಟ್' ಇಟ್ಟರು. ಮುಂದೆ ರಸ್ಟ್ ಅನ್ನೋ ಇನ್ನೊಂದು ಭಾಷೆಯಲ್ಲಿ ಕೋಡ್ ಬರೆಸಲಿಕ್ಕೂ ದಾರಿ ಇರಲಿ ಅಂತ. ಅದರ ಕಥೆಗೆ ಬೇರೆ ವಿಡಿಯೋನೇ ಬೇಕು. ಈಗ ನನ್ನ ಕಾಫಿ ಆರುತ್ತಿದೆ.