ಬಿದ್ದಲ್ಲಿಂದಲೇ ಮುಂದಿನ ಎಸೆತ

ಎಲ್ಲರಿಗೂ ನಮಸ್ಕಾರ. ಶನಿವಾರ ಸಂಜೆ ಮಕ್ಕಳನ್ನೂ ಕರೆದುಕೊಂಡು ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಆಟ ಅಂದರೆ ನಮ್ಮ ಕೂಟದಲ್ಲಿ ಕ್ರಿಕೆಟ್ಟೇ. ಇವತ್ತು ನಾನು ಡಿಸ್ಕ್ ಗಾಲ್ಫ್ ಬಗ್ಗೆ ಮಾತಾಡುತ್ತೇನೆ. ಏಳು ವರ್ಷದಿಂದ ಆಡುತ್ತಿದ್ದೇನೆ. ದೊಡ್ಡ ಆಟಗಾರನೇನಲ್ಲ. ಆದರೆ ಈ ಆಟ ನನಗೆ ತುಂಬಾ ಕೊಟ್ಟಿದೆ.

ಇದು ಡಿಸ್ಕ್. ಸುಮಾರು 21 ಸೆಂಟಿಮೀಟರ್ ಅಗಲ, 175 ಗ್ರಾಂ ತೂಕ. ಮುಂದಿನ ಸಾಲಿನವರು ಮುಟ್ಟಿ ನೋಡಿ, ಹಾಗೇ ಹಿಂದಕ್ಕೆ ದಾಟಿಸಿ. ಬೀಚಿನಲ್ಲಿ ಎಸೆದಾಡುವ ಫ್ರಿಸ್ಬಿಗಿಂತ ಚಿಕ್ಕದು, ಗಟ್ಟಿ. ಇದನ್ನು ಎಸೆಯುತ್ತಾ ಹೋಗಿ, ಸರಪಳಿ ತೂಗುಬಿಟ್ಟ ಒಂದು ಬಾಸ್ಕೆಟ್ಟಿಗೆ ಹಾಕಬೇಕು. ಎಷ್ಟು ಕಡಿಮೆ ಎಸೆತದಲ್ಲಿ ಹಾಕುತ್ತೀರೋ ಅಷ್ಟು ಒಳ್ಳೆಯದು. ಸಾಮಾನ್ಯವಾಗಿ 18 ಬಾಸ್ಕೆಟ್. ಒಂದೊಂದು ಬಾಸ್ಕೆಟ್ಟಿನ ಆಟಕ್ಕೆ ಹೋಲ್ ಅನ್ನುತ್ತೇವೆ. ಎಷ್ಟೋ ಸಾರ್ವಜನಿಕ ಪಾರ್ಕುಗಳಲ್ಲಿ ದುಡ್ಡೂ ಕೊಡಬೇಕಾಗಿಲ್ಲ.

ಈ ಆಟದ ಮೊದಲ ಕಾಯಂ ಕೋರ್ಸ್, ಅಂದರೆ ಆಡುವ ಅಂಗಳ, ಆಗಿದ್ದು ಇದೇ ಕ್ಯಾಲಿಫೋರ್ನಿಯಾದಲ್ಲಿ. 1975ರಲ್ಲಿ, ಪಾಸಡೀನಾ ಪಕ್ಕದ ಓಕ್ ಗ್ರೋವ್ ಪಾರ್ಕಿನಲ್ಲಿ. ಮಾಡಿದವರು ಎಡ್ ಹೆಡ್ರಿಕ್. ಫ್ರಿಸ್ಬಿ ತಯಾರಿಸುವ ವ್ಯಾಮ್-ಓ ಕಂಪನಿಯಲ್ಲಿ ಕೆಲಸ ಮಾಡಿದವರು. ಆಗ ಬಾಸ್ಕೆಟ್ ಇರಲಿಲ್ಲ, ಬರೀ ಕಂಬ. ಡಿಸ್ಕ್ ಕಂಬಕ್ಕೆ ತಾಗಿತು, ಇಲ್ಲ ತಾಗಲಿಲ್ಲ ಅಂತ ವಾದ. ನಮ್ಮೂರಲ್ಲಿ ಚಿನ್ನಿದಾಂಡು ಆಡುವಾಗ ಹೀಗೇ ಆಗುತ್ತಿತ್ತು ಅಲ್ವಾ? ಆ ವಾದಕ್ಕೆ ಕೊನೆ ಹಾಡಲು ಹೆಡ್ರಿಕ್ ಸರಪಳಿಯ ಬಾಸ್ಕೆಟ್ ಮಾಡಿದರು. 1977ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಸರಪಳಿಗೆ ಡಿಸ್ಕ್ ಬಡಿದಾಗ ಝಲ್ ಅನ್ನುವ ಸದ್ದು ಒಮ್ಮೆ ಕೇಳಿದರೆ ಸಾಕು, ಮತ್ತೆ ಮತ್ತೆ ಕೇಳಬೇಕು ಅನಿಸುತ್ತದೆ.

ಶುರುವಿನಲ್ಲಿ ನಾನು ಅಂಗಡಿಗೆ ಹೋಗಿ ಅತಿ ವೇಗದ ಡಿಸ್ಕ್ ತಂದೆ. ಡಿಸ್ಕಿನ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲನೆಯದು ವೇಗ. ನನ್ನದು 13. ಜೋರಾಗಿ ಎಸೆದೆ. ಸ್ವಲ್ಪ ದೂರ ಹೋಗಿ ಎಡಕ್ಕೆ ವಾಲಿ ಬಿತ್ತು. ಇನ್ನೂ ಜೋರಾಗಿ ಎಸೆದೆ, ಇನ್ನೂ ಎಡಕ್ಕೆ ಬಿತ್ತು. ಕೋರ್ಸಿಗೆ ದಿನಾ ಬರುವ ಹಿರಿಯರೊಬ್ಬರಿದ್ದರು, ನಿವೃತ್ತರು. ಅವರು ತಮ್ಮ ಚೀಲದಿಂದ ಒಂದು ಪಟರ್ ತೆಗೆದುಕೊಟ್ಟು, ಒಂದು ತಿಂಗಳು ಇದೊಂದರಲ್ಲೇ ಆಡು ಅಂದರು. ಪಟರ್ ಅಂದರೆ ಹತ್ತಿರದಿಂದ ಬಾಸ್ಕೆಟ್ಟಿಗೆ ಹಾಕಲು ಬಳಸುವ ನಿಧಾನದ ಡಿಸ್ಕ್. ಅದರ ವೇಗದ ಅಂಕಿ ಎರಡೋ ಮೂರೋ.

ಕಾರಣ ತಿಳಿಯಬೇಕಾದರೆ ಬುಗುರಿ ನೆನಪಿಸಿಕೊಳ್ಳಿ. ಜೋರಾಗಿ ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ. ವೇಗ ಕುಂದಿತೋ, ವಾಲಲು ಶುರು. ಡಿಸ್ಕಿನ ಕಥೆಯೂ ಹೆಚ್ಚುಕಡಿಮೆ ಅದೇ. ಬಲಗೈಯವರು ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು, ಎಸೆದರೆ ಅದು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ವೇಗ ಇರುವಷ್ಟು ಹೊತ್ತು ನೇರ ಹೋಗುತ್ತದೆ, ಕೊನೆಗೆ ಎಡಕ್ಕೆ ಇಳಿಯುತ್ತದೆ. 13ರ ಡಿಸ್ಕಿಗೆ ಬೇಕಾದ ವೇಗ ನನ್ನ ತೋಳಿನಲ್ಲಿ ಇರಲೇ ಇಲ್ಲ. ಪಟರ್ ಹಿಡಿದ ಮೇಲೆ ಒಂದು ಗೊತ್ತಾಯಿತು. ತೋಳಿನ ಬಲಕ್ಕಿಂತ ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಕೊಡುವ ತಿರುಗು ಮುಖ್ಯ. ತುಮಕೂರು ಕಡೆಯ ನಮ್ಮೂರ ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ನೀರಿನ ಮೇಲೆ ಕುಣಿಸುತ್ತಿದ್ದೆವಲ್ಲ, ಅದೇ ತಿರುಗು. ಕೈಗೆ ಅದು ನೆನಪಿತ್ತು, ನನಗೆ ಮರೆತುಹೋಗಿತ್ತು.

ಈಗ ನಾನು ನಿಜಕ್ಕೂ ಹೇಳಬೇಕು ಅಂದುಕೊಂಡು ಬಂದ ವಿಷಯ. ಸಾಂಟಾ ಕ್ರೂಜ್‌ನಲ್ಲಿ ಡೆಲವಿಯಾಗಾ ಅಂತ ಒಂದು ಕೋರ್ಸ್ ಇದೆ. ಬೆಟ್ಟದ ಇಳಿಜಾರು, ತುಂಬಾ ಓಕ್ ಮರ. ಅದರ 27ನೇ ಹೋಲಿಗೆ ಟಾಪ್ ಆಫ್ ದ ವರ್ಲ್ಡ್ ಅಂತ ಹೆಸರು. ಅಲ್ಲಿ ನಿಂತರೆ ದೂರದಲ್ಲಿ ಸಮುದ್ರ ಕಾಣುತ್ತದೆ. ಆದರೆ ನಾನು ಹೇಳುವುದು ಬೇರೆ ಹೋಲಿನ ಮಾತು. ನನ್ನ ಮೊದಲ ಎಸೆತ ಮರಕ್ಕೆ ಬಡಿಯಿತು. ಡಿಸ್ಕ್ ಅಂಚಿನ ಮೇಲೆ ನಿಂತು, ಚಕ್ರದ ಹಾಗೆ ಉರುಳಿ, ಪೊದೆಯೊಳಗೆ ಹೋಗಿ ಮಲಗಿತು.

ಇಲ್ಲಿ ನಿಯಮ ಕಟ್ಟುನಿಟ್ಟು. ಡಿಸ್ಕ್ ಬಿದ್ದ ಜಾಗದಲ್ಲಿ ಮಿನಿ ಅನ್ನುವ ಪುಟ್ಟ ಗುರುತು ಇಡುತ್ತೇವೆ. ಎಸೆಯುವಾಗ ಒಂದು ಕಾಲು ಅದರ ಹಿಂದಿನ ಜಾಗದಲ್ಲಿ ಊರಿರಬೇಕು. ಎಷ್ಟು ಜಾಗ ಗೊತ್ತಾ? 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದ. ಊಟಕ್ಕೆ ಕೂರುವ ಮಣೆಗಿಂತ ಚಿಕ್ಕದು. ಅಡ್ಡ ಬಂದ ಕೊಂಬೆ ಮುರಿಯುವಂತಿಲ್ಲ, ಬಗ್ಗಿಸಿ ಹಿಡಿಯುವಂತಿಲ್ಲ. ಅಲ್ಲಿಂದಲೇ ಎಸೆಯಬೇಕು.

ಎರಡು ಕಾಂಡಗಳ ನಡುವೆ ಮೊಳದಷ್ಟು ಸಂದಿ, ಅದರಾಚೆ ಬಾಸ್ಕೆಟ್. ಆ ಸಂದಿಯಲ್ಲೇ ತೂರಿಸುತ್ತೇನೆ ಅಂತ ಎಸೆದೆ. ಕಾಂಡಕ್ಕೆ ಬಡಿದು ನನ್ನ ಹಿಂದೆ ಬಿತ್ತು. ಮತ್ತೆ ಎಸೆದೆ. ಮತ್ತೆ ಬಡಿಯಿತು. ಮೂರು ಎಸೆತದಲ್ಲಿ ಮುಗಿಯಬೇಕಾದದ್ದು ಎಂಟಾಯಿತು. ಆಗ ಪಟರ್ ಕೊಟ್ಟಿದ್ದ ಆ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ. "ಎಡಗಡೆ 15 ಅಡಿ ದೂರದಲ್ಲಿ ಬಯಲು ಇತ್ತಲ್ಲ, ನೋಡಿದೆಯಾ?"

ನೋಡಿರಲಿಲ್ಲ. ಬಾಸ್ಕೆಟ್ ಒಂದೇ ಕಣ್ಣಿಗೆ ಬಿದ್ದಿತ್ತು. ಪಕ್ಕಕ್ಕೆ ಎಸೆದರೆ ಒಂದು ಎಸೆತ ವ್ಯರ್ಥ ಅನ್ನೋ ಲೆಕ್ಕ ನನ್ನದು. ಮುಂದಿನ ವಾರ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಿತ್ತು. ಸುಮ್ನೆ ಪಕ್ಕದ ಬಯಲಿಗೆ ಹಾಕಿದೆ. ನಾಲ್ಕಕ್ಕೆ ಮುಗಿಯಿತು.

2021ರಲ್ಲಿ ಯೂಟಾದ ಆಗ್ಡೆನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಕೊನೆಯ ಹೋಲಿನಲ್ಲಿ ಜೇಮ್ಸ್ ಕಾನ್ರಡ್ 247 ಅಡಿ ದೂರದಿಂದ ನೇರ ಬಾಸ್ಕೆಟ್ಟಿಗೆ ಹಾಕಿ ಪಾಲ್ ಮ್ಯಾಕ್‌ಬೆತ್ ಅವರನ್ನು ಸರಿಗಟ್ಟಿದರು, ಆಮೇಲೆ ಪ್ಲೇಆಫ್‌ನಲ್ಲಿ ಗೆದ್ದರು. ವಿಡಿಯೋ ನೋಡಿ, ಮೈ ಜುಮ್ಮೆನ್ನುತ್ತದೆ. ಆದರೆ ನನ್ನ ಮಟ್ಟಿಗೆ ದೊಡ್ಡ ಎಸೆತ ಅಂದರೆ ಆ 15 ಅಡಿಯದ್ದೇ.

ಯಾಕೆ ಅಂದರೆ, ಅದಾಗಿ ಒಂದು ವರ್ಷಕ್ಕೆ ನನ್ನ ಕೆಲಸ ಹೋಯಿತು. ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಗೊತ್ತು, ಬೇರೆ ಕೆಲಸ ಹುಡುಕಿಕೊಳ್ಳಲು ಕೈಯಲ್ಲಿ ಇರುವುದು 60 ದಿನ. ಮೊದಲ 30 ದಿನ ಅದೇ ಹುದ್ದೆ, ಅದೇ ಸಂಬಳ ಬೇಕು ಅಂತ ಇಂಟರ್‌ವ್ಯೂ ಮೇಲೆ ಇಂಟರ್‌ವ್ಯೂ ಕೊಟ್ಟೆ. ರಾತ್ರಿ ನಿದ್ದೆ ಇಲ್ಲ. ಹೆಂಡತಿ ಏನಾದರೂ ಕೇಳಿದರೆ ರೇಗುತ್ತಿದ್ದೆ. ಒಂದು ದಿನ ಅವಳೇ ಡಿಸ್ಕಿನ ಚೀಲ ಕೈಗೆ ಕೊಟ್ಟು, "ಹೋಗಿ ಆಡಿಕೊಂಡು ಬನ್ನಿ" ಅಂದಳು. ಅವತ್ತು ಮತ್ತೆ ಪೊದೆಗೆ ಬಿತ್ತು. ಮಿನಿ ಇಟ್ಟು ನಿಂತೆ. ಎಡಗಡೆ ನೋಡಿದೆ. ಅಲ್ಲೇ ನನಗೆ ಅಳು ಬಂತು. ಮಾರನೇ ದಿನ, ಅದುವರೆಗೆ ಬೇಡ ಅಂದುಕೊಂಡಿದ್ದ ಒಂದು ಚಿಕ್ಕ ಕಂಪನಿಗೆ ಫೋನ್ ಮಾಡಿದೆ. ಸಂಬಳ ಕಡಿಮೆ. ಆದರೆ ಬಯಲು.

ಇನ್ನೊಂದು ಮಾತು ಹೇಳದೆ ಇರಲಾರೆ. ಈ ಆಟದಲ್ಲಿ ಸಾಮಾನ್ಯವಾಗಿ ಅಂಪೈರ್ ಇರುವುದಿಲ್ಲ. ಒಂದೊಂದು ಹೋಲ್ ಮುಗಿದಾಗ ಎಷ್ಟು ಎಸೆತ ಆಯಿತು ಅಂತ ನಾವೇ ಗಟ್ಟಿಯಾಗಿ ಹೇಳಬೇಕು. ಒಮ್ಮೆ ಆ ಹಿರಿಯರು ಪೊದೆಯೊಳಗೆ ಒಬ್ಬರೇ ಇದ್ದರು. ನಮಗೆ ಅವರ ಟೋಪಿ ಮಾತ್ರ ಕಾಣುತ್ತಿತ್ತು. ಹೊರಗೆ ಬಂದು, ಮುಗಿಸಿ, "ಆರು" ಅಂದರು. ನಾನು ಎಣಿಸಿದ್ದು ಐದು. "ಒಳಗೆ ಒಂದು ಕೊಂಬೆಗೆ ತಾಗಿ ಕಾಲ ಹತ್ತಿರವೇ ಬಿತ್ತು" ಅಂದರು, ಅಷ್ಟೇ. ನನ್ನ ಮಗನೂ ಜೊತೆಯಲ್ಲಿದ್ದ. ಆಗ ಅವನಿಗೆ ಒಂಬತ್ತು ವರ್ಷ. ಈಗ ಅವನು ತನ್ನ ಸ್ಕೋರನ್ನು ನನಗಿಂತ ಗಟ್ಟಿಯಾಗಿ ಹೇಳುತ್ತಾನೆ, ಒಂಬತ್ತಾದರೂ ಸರಿ, ಹತ್ತಾದರೂ ಸರಿ.

ಹೆಡ್ರಿಕ್ 2002ರಲ್ಲಿ ತೀರಿಕೊಂಡರು. ಅವರ ಆಸೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಡಿಸ್ಕ್‌ಗಳನ್ನು ಮಾಡಿದರು. ನಾವಾದರೆ ಹೊಳೆಯಲ್ಲಿ ಬಿಡುತ್ತೇವೆ. ಅವರು ಗಾಳಿಯಲ್ಲಿ ಹಾರಬೇಕು ಅಂದುಕೊಂಡರು.

ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಾವು ಡೆಲವಿಯಾಗಾಕ್ಕೆ ಹೋಗುತ್ತಿದ್ದೇವೆ. ಡಿಸ್ಕ್ ನಾನು ತರುತ್ತೇನೆ. ಉದ್ದ ಪ್ಯಾಂಟು, ಶೂ ಹಾಕಿಕೊಂಡು ಬನ್ನಿ. ಅಲ್ಲಿ ಪಾಯಿಸನ್ ಓಕ್ ಇದೆ, ಒಂದು ಕಡ್ಡಿಗೆ ಮೂರು ಎಲೆ ಇರುವ ಗಿಡ. ಮುಟ್ಟಿದರೆ ಮೈಯೆಲ್ಲ ತುರಿಕೆ. ನಾನು ಕೊಟ್ಟ ಡಿಸ್ಕ್ ಎಲ್ಲಿಗೆ ಬಂತು? ಓ, ಕೊನೇ ಸಾಲಿಗೆ ಬಂದಿದೆ. ಪುಟ್ಟಿ, ಅದು ನಿನಗೇ ಇರಲಿ. ಭಾನುವಾರ ತಗೊಂಡು ಬಾ.