ಮಳೆ ನಕ್ಷತ್ರ ನೋಡಲು ತಾರಾಲಯಕ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಗುರುತಿಸುತ್ತಾರೆ. ‘ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯನ್ನು ನೀವೂ ಕೇಳಿರುತ್ತೀರಿ. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಸಾಲಾಗಿ ಹೇಳುವ ಹಿರಿಯರು ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಆದರೆ ಜೂನ್ ಕೊನೆಗೆ ಆರಿದ್ರಾ ಮಳೆ ಸುರಿಯುವಾಗ ಆ ಆರಿದ್ರಾ ನಕ್ಷತ್ರ ಎಲ್ಲಿರುತ್ತದೆ? ರಾತ್ರಿ ಹುಡುಕಿದರೆ ಸಿಗುವುದಿಲ್ಲ. ಮೋಡ ಸರಿದರೂ ಸಿಗುವುದಿಲ್ಲ. ಆಗ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ. ನಕ್ಷತ್ರ ಹಗಲೆಲ್ಲ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತದೆ, ಬಿಸಿಲಿನಲ್ಲಿ ಕಾಣುವುದಿಲ್ಲ ಅಷ್ಟೇ. ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ನಕ್ಷತ್ರದ್ದೇ ಮಳೆ. ಇದು ನಮ್ಮವರ ಲೆಕ್ಕ.

ಈ ಲೆಕ್ಕವನ್ನು ಕಣ್ಣಾರೆ ಕಾಣಬೇಕಾದರೆ ತಾರಾಲಯಕ್ಕೇ, ಅಂದರೆ ಗುಮ್ಮಟದ ಒಳಮೈಮೇಲೆ ಆಕಾಶವನ್ನು ಮೂಡಿಸಿ ತೋರಿಸುವ ಜಾಗಕ್ಕೇ ಹೋಗಬೇಕು. ಸೂರ್ಯನನ್ನು ಅವನಿದ್ದಲ್ಲೇ ಇರಿಸಿ ಅವನ ಬೆಳಕನ್ನು ಮಾತ್ರ ಕಡಿಮೆ ಮಾಡಿ, ಸುತ್ತಲಿನ ನಕ್ಷತ್ರಗಳನ್ನು ತೋರಿಸುವುದು ಆ ಗುಮ್ಮಟದಡಿ ಸಾಧ್ಯ. ಹೊರಗಿನ ಆಕಾಶದಲ್ಲಿ ಅದಕ್ಕೆ ಪೂರ್ಣ ಸೂರ್ಯಗ್ರಹಣವೇ ಆಗಬೇಕು. ಒಂದು ವರ್ಷದ ಓಟವನ್ನು ಕೆಲವೇ ನಿಮಿಷಗಳಲ್ಲಿ ಓಡಿಸಿದರೆ, ಸೂರ್ಯ ಕೃತ್ತಿಕೆ ದಾಟಿ ರೋಹಿಣಿಗೆ, ಅಲ್ಲಿಂದ ಮೃಗಶಿರಾಕ್ಕೆ ಸರಿಯುವುದು ಕಾಣುತ್ತದೆ. ಪಂಚಾಂಗದಲ್ಲಿ ಬರೀ ಹೆಸರಾಗಿದ್ದದ್ದು ಆಗ ಒಂದು ದಾರಿಯಾಗಿ ತೋರುತ್ತದೆ. ನನ್ನ ಮಟ್ಟಿಗೆ ತಾರಾಲಯದ ದೊಡ್ಡ ಉಪಕಾರ ಇದೇ. ಗ್ರಹಗಳ ಚಂದದ ಚಿತ್ರಗಳನ್ನು ಮೊಬೈಲಿನಲ್ಲೂ ನೋಡಬಹುದು.

ಗುಮ್ಮಟದೊಳಗೆ ನಕ್ಷತ್ರ ಮೂಡಿಸುವ ಯಂತ್ರವನ್ನು ಮೊದಲು ತೋರಿಸಿದ್ದು 1923ರಲ್ಲಿ, ಜರ್ಮನಿಯ ಮ್ಯೂನಿಕ್‌ನಲ್ಲಿ. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ ಶುರುವಾದದ್ದು 1989ರಲ್ಲಿ. ಕರಾವಳಿಯವರಿಗೆ ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯವಿದೆ.

ಹೋಗುವವರು ಧ್ರುವ ನಕ್ಷತ್ರವನ್ನೂ ಗಮನಿಸಿ. ಊರಿನ ಅಕ್ಷಾಂಶ ಎಷ್ಟೋ, ಧ್ರುವದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ. ಆದ್ದರಿಂದ ಧ್ರುವ ಅಲ್ಲಿ ಉತ್ತರ ದಿಗಂತದ ಅಂಚಿನಿಂದ 13 ಡಿಗ್ರಿಯಷ್ಟೇ ಮೇಲಿರುತ್ತದೆ. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಹೆಚ್ಚುಕಡಿಮೆ 10 ಡಿಗ್ರಿ. ಅಂದರೆ ಒಂದು ಮುಷ್ಟಿಗಿಂತ ತುಸು ಹೆಚ್ಚು. ಊರಿನ ಕಟ್ಟಡಗಳೇ ಅದನ್ನು ಮರೆಮಾಡುತ್ತವೆ. ಬೀದರಿನಲ್ಲಾದರೆ 18 ಡಿಗ್ರಿ, ನೋಡಲು ಸುಲಭ.

ಕನ್ನಡದ ಪ್ರದರ್ಶನ ಎಷ್ಟು ಹೊತ್ತಿಗೆ ಎಂದು ಮೊದಲೇ ವಿಚಾರಿಸಿ, ಸ್ವಲ್ಪ ಮುಂಚೆಯೇ ಹೋಗಿ. ಒಳಗೆ ಕೂತ ಮೇಲೆ ಮೊಬೈಲ್ ಆರಿಸಿಬಿಡಿ. ಕತ್ತಲಿಗೆ ಒಗ್ಗಲು ಕಣ್ಣಿಗೆ ಸಮಯ ಬೇಕು, ಒಬ್ಬರ ಪರದೆ ಬೆಳಗಿದರೂ ಸುತ್ತ ಕೂತವರಿಗೆಲ್ಲ ಮಂಕು ನಕ್ಷತ್ರಗಳು ಅಳಿಸಿಹೋಗುತ್ತವೆ. ಮಕ್ಕಳಿಗೆ ಏನಾದರೂ ಕೇಳಬೇಕೆನಿಸಿದರೆ, ಮುಗಿದ ಮೇಲೆ ಅಲ್ಲಿನವರನ್ನು ಕೇಳಲು ಬಿಡಿ. ಆತುರಪಡಿಸಿ ಹೊರಗೆ ಕರೆತರಬೇಡಿ.

ಆಮೇಲೆ ಡಿಸೆಂಬರ್ ಬರಲಿ. ರಾತ್ರಿ ಒಂಬತ್ತರ ಹೊತ್ತಿಗೆ ಮನೆಯ ತಾರಸಿಯಲ್ಲಿ ಪೂರ್ವಕ್ಕೆ ಮುಖಮಾಡಿ ನಿಲ್ಲಿ. ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಮೂರು ನಕ್ಷತ್ರ ಕಾಣುತ್ತವೆ, ಅದು ಮಹಾವ್ಯಾಧನ, ಅಂದರೆ ಬೇಟೆಗಾರನ ಆಕಾರದ ನಕ್ಷತ್ರಪುಂಜದ (ಓರಾಯನ್), ನಡುಪಟ್ಟಿ. ಅದರ ಎಡಗಡೆ ಕೆಂಪು ಛಾಯೆಯ ದೊಡ್ಡ ನಕ್ಷತ್ರವೊಂದಿದೆ. ಅದೇ ಆರಿದ್ರಾ. ಮನೆಯಲ್ಲಿ ಬೇಸಾಯ ಮಾಡಿದ ಹಿರಿಯರಿದ್ದರೆ ಅವರನ್ನೂ ಕರೆದು ತೋರಿಸಿ.

ನಮಸ್ಕಾರ.