ಆಕ್ಸಲಾಟಲ್‌ಗೆ ಏನು ಹಾಕೋದು? ಎರೆಹುಳು ಮೊದಲು, ಮಿಕ್ಕಿದ್ದೆಲ್ಲ ಆಮೇಲೆ

ಟ್ಯಾಂಕ್ ಮೂಲೆಯಲ್ಲಿ ಆಕ್ಸಲಾಟಲ್ ಅಲ್ಲಾಡದೆ ಕೂತಿದೆ ನೋಡಿ. ಇದು ನೀರಲ್ಲೇ ಬದುಕೋ ಸಾಲಮ್ಯಾಂಡರ್, ಕಪ್ಪೆ ತರ ಉಭಯಚರ. ಎರೆಹುಳು ಮೂಗಿನ ಹತ್ತಿರ ಬಂತು. ಈಗ... ಹೋಯ್ತು! ಸ್ಲೋಮೋಷನ್‌ನಲ್ಲಿ ಇನ್ನೊಂದ್ಸಲ ನೋಡೋಣ. ಬಾಯಿ ಗಕ್ಕನೆ ತೆರೀತು, ನೀರಿನ ಜೊತೆಗೇ ಹುಳ ಒಳಗೆ ಎಳ್ಕೊಂಡ್ತು. ಆಕ್ಸಲಾಟಲ್‌ಗೆ ಸಣ್ಣ ಹಲ್ಲುಗಳಿವೆ, ಹಿಡ್ಕೊಳ್ಳೋಕೆ ಮಾತ್ರ. ಅಗಿಯೋಕೆ ಬರಲ್ಲ. ಒಳಗೆ ಹೋಗಿದ್ದು ಹಾಗೇ ಇಡಿಯಾಗಿ ಹೊಟ್ಟೆಗೆ. ಆದ್ದರಿಂದ ಯಾವ ಆಹಾರವೇ ಆಗ್ಲಿ, ಮೆತ್ತಗಿರ್ಬೇಕು, ಅದರ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ದಪ್ಪ ಇರಬಾರದು, ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರ್ಬೇಕು.

ಇದರ ತವರು ಮೆಕ್ಸಿಕೋ ಸಿಟಿಯ ದಕ್ಷಿಣ ಭಾಗದ ಸೊಚಿಮಿಲ್ಕೊ ಕಾಲುವೆಗಳು. ಅಲ್ಲಿ ಹುಳ, ಕೀಟದ ಮರಿ, ಬಸವನಹುಳು, ಚಿಕ್ಕ ಮೀನು, ಏನು ಸಿಕ್ಕರೂ ನುಂಗುತ್ತೆ. ಅದನ್ನ ಕೇಳಿ ದಿನಕ್ಕೊಂದು ತಿಂಡಿ ಬದಲಾಯಿಸೋರು ತುಂಬಾ ಜನ. ಅಷ್ಟು ಸರ್ಕಸ್ ಬೇಡ. ಹತ್ತು ಸಲ ಊಟ ಹಾಕಿದ್ರೆ ಏಳು ಸಲ ಎರೆಹುಳು ಇರ್ಲಿ, ಬಾಕಿ ಮೂರು ಸಲ ಬೇರೆ ಏನಾದ್ರೂ. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಇದ್ದು ಸುಲಭವಾಗಿ ಅರಗೋ ಆಹಾರ ಇದಕ್ಕಿಂತ ಒಳ್ಳೇದು ಸಿಗಲ್ಲ.

ನಮ್ಮಲ್ಲಿ ಎರೆಗೊಬ್ಬರದ ಘಟಕಗಳಲ್ಲಿ ಸಾಮಾನ್ಯವಾಗಿ ಎರಡು ಜಾತಿ ಸಿಗುತ್ತೆ. ಎಡಗಡೆ ಇರೋದು ಯುಡ್ರಿಲಸ್ ಯುಜೀನಿಯೆ, ಆಫ್ರಿಕನ್ ನೈಟ್‌ಕ್ರಾಲರ್ ಅಂತಾರೆ. ಕಂದು ನೇರಳೆ ಬಣ್ಣ, ಬೆಳಕಿಗೆ ಹಿಡಿದ್ರೆ ಮಿಂಚುತ್ತೆ, ದಪ್ಪ. ಇದನ್ನೇ ತಗೊಳ್ಳಿ. ಬಲಗಡೆ ಇರೋದು ಐಸೀನಿಯಾ ಫೆಟಿಡಾ, ಮೈ ಮೇಲೆ ಕೆಂಪು ಹಳದಿ ಪಟ್ಟಿ. ಒತ್ತಿದ್ರೆ ಹಳದಿ ದ್ರವ ಬಿಡುತ್ತೆ, ಅದು ಕಹಿ. ಆಕ್ಸಲಾಟಲ್ ಬಾಯಿಗೆ ಹಾಕ್ಕೊಂಡು ಥೂ ಅಂತ ಉಗುಳೋದು ಈ ಹುಳವನ್ನೇ. ಇದೊಂದೇ ಸಿಕ್ಕಿದ್ರೆ ಕುದಿಯೋ ನೀರಲ್ಲಿ ಕೆಲವೇ ಸೆಕೆಂಡ್ ಅದ್ದಿ ತೆಗೆದು, ತಣ್ಣೀರಲ್ಲಿ ತೊಳೆದು, ಎರಡು ಮೂರು ಸೆಂಟಿಮೀಟರ್ ತುಂಡು ಮಾಡಿ ಕೊಡಿ. ಕಹಿ ಕಮ್ಮಿಯಾಗುತ್ತೆ, ಆದ್ರೂ ಕೆಲವು ತಿನ್ನಲ್ಲ.

ಹೊರಗಿನಿಂದ ತಂದ ಹುಳವನ್ನ ಒದ್ದೆ ಟಿಶ್ಯೂ ಹಾಸಿದ ಡಬ್ಬಿಯಲ್ಲಿ ಒಂದು ದಿನ ಬಿಡಿ. ಹೊಟ್ಟೆಯಲ್ಲಿರೋ ಮಣ್ಣು ಖಾಲಿ ಆಗುತ್ತೆ. ಮುಚ್ಚಳಕ್ಕೆ ತೂತು ಮಾಡಿರಿ, ಟಿಶ್ಯೂ ಒಣಗೋಕೆ ಬಿಡಬೇಡಿ. ಮನೆಯಲ್ಲೇ ಸಾಕಿದ ಹುಳ ಆದ್ರೆ ಕ್ಲೋರಿನ್ ತೆಗೆದ ನೀರಲ್ಲಿ ತೊಳೆದ್ರೆ ಸಾಕು. ಹುಳ ಸಾಕೋ ಡಬ್ಬಿಗೆ ತರಕಾರಿ ಸಿಪ್ಪೆ ಜೊತೆ ನುಣ್ಣಗೆ ಪುಡಿ ಮಾಡಿದ ಮೊಟ್ಟೆ ಚಿಪ್ಪು ಹಾಕಿ. ಕ್ಯಾಲ್ಸಿಯಂ ಪೌಡರ್ ನೀರಿಗೆ ಬಿದ್ದ ತಕ್ಷಣ ತೊಳೆದು ಹೋಗುತ್ತೆ, ಹುಳದ ಹೊಟ್ಟೆ ಮೂಲಕ ಹೋದದ್ದು ಉಳಿಯುತ್ತೆ.

ತೋಟದಿಂದ ಅಗೆದು ತರೋರಿಗೆ ಒಂದು ಮಾತು. ಅಡಿಕೆ ತೋಟಕ್ಕೆ ಕೊಳೆರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆದಿರ್ತಾರಲ್ಲ, ಅದರಲ್ಲಿರೋದು ಮೈಲುತುತ್ತ, ಅಂದ್ರೆ ತಾಮ್ರ. ಮಣ್ಣಲ್ಲಿ ವರ್ಷಗಟ್ಟಲೆ ಕೂರುತ್ತೆ, ಹುಳದ ಮೈಗೂ ಸೇರುತ್ತೆ. ಉಭಯಚರಗಳಿಗೆ ತಾಮ್ರ ವಿಷ. ಆ ಮಣ್ಣಿನ ಹುಳ ಬೇಡವೇ ಬೇಡ. ಚರಂಡಿ ನೀರಿನ ಸೊಳ್ಳೆ ಮರಿಗೂ ಇದೇ ಮಾತು, ಅಲ್ಲಿ ಲಾರ್ವಾನಾಶಕ ಬಿದ್ದಿರುತ್ತೆ. ಅಕ್ವೇರಿಯಂ ಅಂಗಡಿಯ ಜೀವಂತ ಟ್ಯೂಬಿಫೆಕ್ಸ್, ಅಂದ್ರೆ ದಾರದಂಥ ಕೆಂಪು ಹುಳ ಕೂಡ ಹೆಚ್ಚಾಗಿ ಕೊಳಕು ನೀರಿಂದಲೇ ಬರೋದು. ಅಗ್ಗ ಅಂತ ತರಬೇಡಿ.

ಇನ್ನು ಉಳಿದ ಮೂರು ಊಟ. ಮುಳುಗೋ ಮೆತ್ತನೆ ಪೆಲ್ಲೆಟ್ ಒಳ್ಳೇದು, ಪ್ರೋಟೀನ್ 40 ಶೇಕಡಾ ಮೇಲಿರ್ಲಿ, ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಮೀನಿನ ಪುಡಿ ಇರ್ಲಿ, ಗೋಧಿ ಅಲ್ಲ. ತೇಲೋ ಪೆಲ್ಲೆಟ್ ಹಾಕಿದ್ರೆ ಮೇಲೆ ಬಂದು ಗಾಳಿ ನುಂಗುತ್ತೆ. ಫ್ರೋಜನ್ ಬ್ಲಡ್‌ವರ್ಮ್, ಅಂದ್ರೆ ಸೊಳ್ಳೆಯಂಥ ಒಂದು ಕೀಟದ ಕೆಂಪು ಮರಿ, ಕೊಡಬಹುದು, ಜರಡಿಯಲ್ಲಿ ಕರಗಿಸಿ ಆ ಕೆಂಪು ನೀರು ಚೆಲ್ಲಿ. ಆದ್ರೆ ಇದು ಕುರುಕಲು ತಿಂಡಿ ಇದ್ದಂಗೆ. ಮರಿಯಿಂದ ಬರೀ ಇದನ್ನೇ ತಿಂದು ಬೆಳೆದದ್ದು ಎರೆಹುಳು ಕಂಡ್ರೆ ಮುಖ ತಿರುಗಿಸುತ್ತೆ, ಮೈ ಸಣ್ಣಗೇ ಉಳಿಯುತ್ತೆ. ಹೀಗೆ ಮುಖ ತಿರುಗಿಸೋದು ಬೆಳೆದ ಆಕ್ಸಲಾಟಲ್ ಆದ್ರೆ ಎರಡು ಮೂರು ದಿನ ಏನೂ ಕೊಡಬೇಡಿ. ಆಮೇಲೆ ಎರೆಹುಳುವಿನ ಸಣ್ಣ ತುಂಡನ್ನ ಬ್ಲಡ್‌ವರ್ಮ್ ರಸದಲ್ಲಿ ಹೊರಳಿಸಿ, ಪ್ಲಾಸ್ಟಿಕ್ ತುದಿಯ ಚಿಮಟದಲ್ಲಿ ಹಿಡಿದು ಮೂಗಿನ ಪಕ್ಕ ನಿಧಾನಕ್ಕೆ ಅಲ್ಲಾಡಿಸಿ. ಕಣ್ಣು ಮಂದ, ವಾಸನೆ ಮತ್ತು ನೀರಿನ ಅಲುಗಾಟ ನಂಬಿ ಬೇಟೆ ಆಡೋ ಪ್ರಾಣಿ ಇದು. ಮರಿಗಳನ್ನ ಮಾತ್ರ ಹೀಗೆ ಉಪವಾಸ ಹಾಕಬೇಡಿ.

ಗೋಲ್ಡ್‌ಫಿಶ್ ಬೇಡ. ಅದರಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇದೆ, ವಿಟಮಿನ್ ಬಿ1 ಅನ್ನ ಒಡೆದು ಹಾಕುತ್ತೆ. ಫ್ರೀಜರ್‌ನಲ್ಲಿಟ್ಟರೂ ಹೋಗಲ್ಲ. ಜೊತೆಗೆ ಪರೋಪಜೀವಿಗಳು ಬೇರೆ. ಮೀನು ಕೊಡಲೇಬೇಕು ಅನ್ನಿಸಿದ್ರೆ ಮನೆಯಲ್ಲೇ ಹುಟ್ಟಿದ ಗಪ್ಪಿ ಮರಿ, ಅಪರೂಪಕ್ಕೆ. ಮೀಲ್‌ವರ್ಮ್ ಅನ್ನೋ ದುಂಬಿ ಮರಿಯ ಚಿಪ್ಪು ಗಟ್ಟಿ, ಅರಗಲ್ಲ. ಕುರಿ, ಕೋಳಿ ಮಾಂಸದ ಕೊಬ್ಬೂ ಇವಕ್ಕೆ ಒಗ್ಗಲ್ಲ. ತಿನ್ನುತ್ತೆ ಅಂದ ಮಾತ್ರಕ್ಕೆ ಕೊಡಬಹುದು ಅಂತಲ್ಲ. ಇದು ಜಲ್ಲಿಕಲ್ಲನ್ನೂ ನುಂಗುತ್ತೆ, ಕರುಳು ಕಟ್ಟುತ್ತೆ. ತಳ ಖಾಲಿ ಬಿಡಿ, ಇಲ್ಲಾ ಒಂದು ಮಿಲಿಮೀಟರ್‌ಗಿಂತ ಸಣ್ಣ ಮರಳು ಹಾಕಿ.

ಎಷ್ಟು? 20 ಸೆಂಟಿಮೀಟರ್ ದಾಟಿದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ಒಂದೋ ಎರಡೋ ದೊಡ್ಡ ಹುಳ. 10 ಸೆಂಟಿಮೀಟರ್ ಒಳಗಿನ ಮರಿಗೆ ದಿನಾ. ಮೇಲಿಂದ ನೋಡಿ, ಹೊಟ್ಟೆ ತಲೆಯಷ್ಟೇ ಅಗಲ ಇದ್ರೆ ಸರಿ. ಈ ಶಾಟ್‌ನಲ್ಲಿ ಇರೋದು ಸ್ವಲ್ಪ ಹೆಚ್ಚೇ ತಿಂದಿದೆ. ಮೊಟ್ಟೆಯಿಂದ ಆಗಷ್ಟೇ ಬಂದ ಮರಿಗಳಿಗೆ ಎರಡು ಮೂರು ದಿನ ಹೊಟ್ಟೆಯಲ್ಲೇ ಉಳಿದಿರೋ ಮೊಟ್ಟೆಯ ಹಳದಿ ಸಾಕು. ಆಮೇಲೆ ಜೀವಂತ ಆರ್ಟೀಮಿಯಾ (ಉಪ್ಪು ನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿಯೇ ಬೇಕು, ಯಾಕಂದ್ರೆ ಅಲುಗದೇ ಇರೋದನ್ನ ಅವು ಆಹಾರ ಅಂದ್ಕೊಳ್ಳಲ್ಲ. ದಿನಕ್ಕೆರಡು ಸಲ, ಹಾಕೋ ಮುಂಚೆ ಉಪ್ಪು ನೀರು ಸೋಸಿ. ಹಸಿದ್ರೆ ಒಂದರ ಕಾಲು ಇನ್ನೊಂದು ಕಚ್ಚುತ್ತೆ.

ಆಕ್ಸಲಾಟಲ್‌ನ ಹತ್ತಿರದ ಸಂಬಂಧಿ, ನೆಲದ ಮೇಲಿರೋ ಟೈಗರ್ ಸಾಲಮ್ಯಾಂಡರ್ ಕಥೆ ಸ್ವಲ್ಪ ಬೇರೆ. ಎರೆಹುಳು ಅದಕ್ಕೂ ಮೊದಲು, ಜೊತೆಗೆ ಕ್ರಿಕೆಟ್ ಹುಳ ಕೊಡಬಹುದು. ಹಿಂದಿನ ದಿನ ಕ್ರಿಕೆಟ್‌ಗೆ ಸೊಪ್ಪು, ಕ್ಯಾರೆಟ್ ತಿನ್ನಿಸಿ, ಕೊಡೋ ಹೊತ್ತಿಗೆ ಕ್ಯಾಲ್ಸಿಯಂ ಪೌಡರ್‌ನಲ್ಲಿ ಹೊರಳಿಸಿ. ಇಲ್ಲಿ ನೀರಿಲ್ಲ, ಪೌಡರ್ ಮೈಮೇಲೇ ನಿಲ್ಲುತ್ತೆ. ತಿನ್ನದೆ ಉಳಿದ ಕ್ರಿಕೆಟ್ ರಾತ್ರಿ ಬಿಟ್ರೆ ಸಾಲಮ್ಯಾಂಡರ್ ಚರ್ಮವನ್ನೇ ಕೊರೆಯುತ್ತೆ, ತೆಗೆದುಬಿಡಿ.

ಮತ್ತೆ ಆಕ್ಸಲಾಟಲ್‌ಗೆ ಬರೋಣ. ಊಟ ಬದಲಾಯಿಸಿದ್ರೂ ತಿನ್ನದೇ ಇದ್ರೆ ಟ್ಯಾಂಕ್ ನೀರಿನ ಥರ್ಮಾಮೀಟರ್ ನೋಡಿ. 16ರಿಂದ 18 ಡಿಗ್ರಿ ಇದ್ರೆ ಚೆನ್ನಾಗಿ ತಿನ್ನುತ್ತೆ. ಏಪ್ರಿಲ್‌ನಲ್ಲಿ ಬೆಂಗಳೂರಿನ ಮನೆಯ ಟ್ಯಾಂಕ್ ಚಿಲ್ಲರ್ (ನೀರು ತಣ್ಣಗೆ ಮಾಡೋ ಯಂತ್ರ) ಇಲ್ಲದೆ ಅಲ್ಲಿಗೆ ಇಳಿಯಲ್ಲ, ಫ್ಯಾನ್ ಕೆಲವೇ ಡಿಗ್ರಿ ಇಳಿಸುತ್ತೆ. 24ರ ಮೇಲೆ ಹಸಿವು ಸಾಯುತ್ತೆ, ತಿಂದದ್ದು ಹೊಟ್ಟೆಯಲ್ಲೇ ಕೊಳೆತು ಗ್ಯಾಸ್ ಆಗಿ ತೇಲೋಕೆ ಶುರು ಮಾಡುತ್ತೆ. ಆಗ ಹೊಸ ಹೊಸ ಹುಳ ಹಾಕ್ತಾ ಹೋದ್ರೆ ನೀರಲ್ಲಿ ವಿಷವಾದ ಅಮೋನಿಯಾ ಏರುತ್ತೆ ಅಷ್ಟೇ. ಉಗುಳಿದ ತುಂಡನ್ನ ಅರ್ಧ ಗಂಟೆಯೊಳಗೆ ಪೈಪಿನಿಂದ ಎಳೆದು ತೆಗೀರಿ, ಮೊದಲು ನೀರು ತಣ್ಣಗೆ ಮಾಡಿ, ಎರಡು ದಿನ ಬಿಟ್ಟು ಒಂದೇ ಒಂದು ಸಣ್ಣ ತುಂಡು ಕೊಟ್ಟು ನೋಡಿ.